ತುಟಿ ಸೇರದ ಕತೆ

ಭೀಮಾಬಾಯಿ ಕುಂದರಗಿಯವರಿಗೆ ತಮ್ಮ ಹೆಸರನ್ನು ತಾವೇ ಹೇಳಿಕೊಳ್ಳಲು ಬರುತ್ತಿರಲಿಲ್ಲ. ಮರೆವಿನಿಂದಲ್ಲ. ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ವರ್ಷಾನುಗಟ್ಟಲೆ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆಂದು ಚೀಟಿ ನೋಡದೆ ಸಾರಿದವರು ಅವರು. ಪಾರ್ಶ್ವವಾಯು ಬಡಿದು ಮುಖದ ಕೆಳಗಿನ ಅರ್ಧ ಕಲ್ಲಾದ ಮೇಲೆ ಅವರು ಯಂತ್ರದ ಮೂಲಕ ಮಾತನಾಡುತ್ತಿದ್ದರು. ಆ ಯಂತ್ರಕ್ಕೆ ತುಟಿ ಸೇರಿಸಿ ಹೇಳುವ ಅಕ್ಷರಗಳು ದಕ್ಕಿರಲಿಲ್ಲ. ಪ, ಫ, ಬ, ಭ, ಮ. ಈ ಐದು ಇಲ್ಲದ ಕನ್ನಡದಲ್ಲಿ ಅಮ್ಮ ಇಲ್ಲ, ಅಪ್ಪ ಇಲ್ಲ, ಮನೆ ಇಲ್ಲ, ಮಳೆ ಇಲ್ಲ. ‘ನನ್ನ’ ಎನ್ನಬಹುದು, ‘ನಮ್ಮ’ ಎನ್ನಲಾಗದು. ಅಂಥ ಕನ್ನಡದಲ್ಲಿ ಅವರು ಯಂತ್ರಕ್ಕೆ ಹೇಳಿ ಒಂದು ದೊಡ್ಡ ಕಾದಂಬರಿಯನ್ನೇ ಬರೆಸಿದ್ದರು.

ಯಂತ್ರದ ಗುಟ್ಟು ಕಷ್ಟದ್ದಲ್ಲ. ಒಂದು ಮಾತು ಆಡುವ ಮೊದಲು ನಮ್ಮ ಮೆದುಳು ನಾಲಿಗೆಗೆ, ಗಂಟಲಿಗೆ, ದವಡೆಗೆ, ತುಟಿಗೆ ಬೇರೆಬೇರೆಯಾಗಿ ಅಪ್ಪಣೆ ಕಳಿಸುತ್ತದೆ. ಅಂಗಗಳು ಕೇಳದಿದ್ದರೂ ಅಪ್ಪಣೆ ಹೊರಡುತ್ತಲೇ ಇರುತ್ತದೆ. ಮೆದುಳಿನ ಮೇಲೆ ಹಾಸಿದ, ಈರುಳ್ಳಿ ಸಿಪ್ಪೆಗಿಂತ ತೆಳುವಾದ ಜಾಲವೊಂದು ಅದನ್ನು ಕದ್ದು ಕೇಳಿ ಕುತ್ತಿಗೆಗೆ ತೂಗುಹಾಕಿದ ಪೆಟ್ಟಿಗೆಗೆ ದಾಟಿಸುತ್ತದೆ. ಪೆಟ್ಟಿಗೆ ಮಾತನಾಡುತ್ತದೆ. ಭೀಮಾಬಾಯಿಯವರಲ್ಲಿ ತುಟಿಗೆ ಅಪ್ಪಣೆ ಕೊಡುವ ಜಾಗವೇ ಸುಟ್ಟುಹೋಗಿದ್ದರಿಂದ ಆ ಐದು ಅಕ್ಷರಗಳಿಗೆ ದಾರಿಯಿರಲಿಲ್ಲ. ದನಿ ಮಾತ್ರ ಅವರದೇ. ನಿಲ್ದಾಣದ ಹಳೆಯ ಧ್ವನಿಮುದ್ರಿಕೆಗಳಿಂದ ಅದನ್ನು ಕಟ್ಟಿದ್ದರು. ಪೇಟೆಯಲ್ಲಿ ಆ ಪೆಟ್ಟಿಗೆ ದನಿ ತೆಗೆದರೆ ಈಗಲೂ ಇಬ್ಬರು ಮೂವರು ತಮಗೆ ಅರಿವಿಲ್ಲದೆ ಚೀಲ ಎತ್ತಿಕೊಳ್ಳುತ್ತಿದ್ದರು.

ಆ ದನಿಯನ್ನು ಕಟ್ಟಿದವಳು ಜಾಹ್ನವಿ ಕಿತ್ತೂರ, ಧಾರವಾಡದ ಕೆಲಗೇರಿ ರಸ್ತೆಯಲ್ಲಿರುವ ವಾಕ್ ಕೇಂದ್ರದ ಧ್ವನಿ ಇಂಜಿನಿಯರ್. ಮಾತನ್ನು ತೂಗಿ ಆಡುವ ಹೆಂಗಸು. ಯಾರಿಗಾದರೂ ‘ನಾಳೆ ಸರಿಹೋಗುತ್ತದೆ’ ಎನ್ನುವ ಮೊದಲು ನಾಳೆ ಸರಿಹೋಗದಿದ್ದರೆ ಏನೆಂದು ಎರಡು ಸಲ ಯೋಚಿಸುವವಳು. ಈ ಗುಣಕ್ಕೆ ಕೇಂದ್ರದಲ್ಲಿ ಅವಳನ್ನು ಗೌರವಿಸುತ್ತಿದ್ದರು, ಮನೆಯಲ್ಲಿ ಗೇಲಿ ಮಾಡುತ್ತಿದ್ದರು.

ಭೀಮಾಬಾಯಿಯವರ ಕಾದಂಬರಿ ‘ಗದಗಕ್ಕೆ ಹೋಗುವ ಗಾಡಿ’ ಅಚ್ಚಾಗುವ ಮೊದಲೇ ಓದಿದವರಲ್ಲಿ ಅವಳು ಮೊದಲಿಗಳು. ಹುಳುಕು ಹುಡುಕುವ ಅಭ್ಯಾಸದಿಂದಲೇ ಓದಲು ಕೂತಿದ್ದಳು. ಕಟ್ಟು ಎಲ್ಲಿ ಬಿಗಿದಿದೆ, ಎಲ್ಲಿ ಬರೆಯುವವರ ಕೈ ನೋವು ತಿಂದಿದೆ ಎಂದು ನೋಡುತ್ತ ಹೋದಳು. ಅರ್ಧ ಪುಸ್ತಕಕ್ಕೆ ಬರುವಷ್ಟರಲ್ಲಿ ಹುಡುಕುವುದೇ ಮರೆತಿತ್ತು. ತಾಯಿಯನ್ನು ಹುಡುಕಿಕೊಂಡು ಊರಿಂದೂರಿಗೆ ಗಾಡಿ ಹತ್ತುವ ಹುಡುಗಿಯೊಬ್ಬಳ ಕತೆ ಅದು. ಆ ಗಾಡಿ ಕಲಘಟಗಿಗೆ ಹೋಗುತ್ತದೆ, ಹಳಿಯಾಳ, ನರಗುಂದ, ರೋಣ ಸುತ್ತುತ್ತದೆ. ಬೆಳಗಾವಿಗೆ, ಬಾದಾಮಿಗೆ, ಬಾಗಲಕೋಟೆಗೆ ಹೋಗುವುದೇ ಇಲ್ಲ. ಆದರೆ ಹೋಗಲಿಲ್ಲವೆಂದು ಎರಡನೇ ಸಲ ಓದುವ ತನಕ ಯಾರಿಗೂ ಹೊಳೆಯುವುದಿಲ್ಲ. ಒಂದು ಪುಟ ಅವಳಿಗೆ ಬಾಯಿಪಾಠವಾಗಿತ್ತು:

‘ಗಾಡಿ ನಿಂತಿತು. ಯಾರೂ ಇಳಿಯಲಿಲ್ಲ. ಆಕೆ ಕಿಟಕಿಯ ಗಾಜಿಗೆ ಹಣೆ ಒತ್ತಿ ಕೂತಳು. ಹೊರಗೆ ಆಕಾಶ ಹನಿಹನಿಯಾಗಿ ಇಳಿಯುತ್ತಿತ್ತು. ಒಳಗೆ ಆಕೆಯ ಕಣ್ಣು ಒಣಗಿತ್ತು. ಹೆತ್ತಾಕೆಯನ್ನು ಕೂಗಲು ಒಂದು ಸದ್ದು ಇತ್ತು, ಅದು ಎಲ್ಲಿ ಜಾರಿ ಹೋಯಿತೋ. ಈಗ ಕೂಗದೆ ಕಾಯುವುದನ್ನು ಕಲಿತಿದ್ದಾಳೆ.’

ಮಳೆ ಎಂಬ ಮಾತಿಲ್ಲದೆ ಅಲ್ಲಿ ಮಳೆ ಬಂದಿತ್ತು. ಅಮ್ಮ ಎಂಬ ಮಾತಿಲ್ಲದಿರುವುದೇ ಅಲ್ಲಿ ಅಮ್ಮನಾಗಿತ್ತು. ಬೇರೆ ಯಾರ ಕೈಯಲ್ಲಾದರೂ ಸರ್ಕಸ್ ಆಗುತ್ತಿತ್ತು ಎಂದು ಜಾಹ್ನವಿ ಎಷ್ಟೋ ಜನರಿಗೆ ಹೇಳಿದ್ದಳು. ಹಾಗೆ ಹೇಳುವಾಗ ಮಾತ್ರ ಅವಳು ತೂಗುತ್ತಿರಲಿಲ್ಲ.

ಕಾದಂಬರಿ ಹೊರಬಂದ ಮೇಲೆ ಕೇಂದ್ರದಲ್ಲಿ ಒಂದು ಹೊಸ ಪ್ರಯತ್ನ ನಡೆದಿತ್ತು. ಸುಟ್ಟ ಜಾಗದ ಅಂಚಿನಲ್ಲಿ ಒಂದಿಷ್ಟು ಜೀವಕೋಶಗಳು ಉಳಿದಿರಬಹುದು, ತುಟಿಯ ಅಪ್ಪಣೆಯನ್ನು ಅವು ಮತ್ತೆ ಕಲಿತರೂ ಕಲಿಯಬಹುದು ಎಂದು ಶಸ್ತ್ರವೈದ್ಯ ಡಾಕ್ಟರ್ ಇನಾಮದಾರರು ಅಲ್ಲಿ ಉಗುರಿನಷ್ಟು ಅಗಲದ ಇನ್ನೊಂದು ಜಾಲ ಇಟ್ಟಿದ್ದರು. ಕೇಂದ್ರದವರು ಅದನ್ನು ತುಟಿಬಿಲ್ಲೆ ಎಂದು ಕರೆಯುತ್ತಿದ್ದರು. ಎಂಟು ತಿಂಗಳಾದರೂ ಪೆಟ್ಟಿಗೆಯಿಂದ ಒಂದೇ ಒಂದು ‘ಮ’ ಹೊರಡಲಿಲ್ಲ. ಉಪಯೋಗವಿಲ್ಲದ ಬಿಲ್ಲೆಯನ್ನು ತಲೆಯೊಳಗೆ ಬಿಡುವಂತಿಲ್ಲ, ಸೋಂಕು ತಗುಲಬಹುದು. ತೆಗೆದರೆ ಆ ಜಾಗ ಗಾಯಗಟ್ಟುತ್ತದೆ, ಮತ್ತೆ ಇಡಲಾಗುವುದಿಲ್ಲ.

ಶುಕ್ರವಾರ ನಿಯಂತ್ರಣ ಕೊಠಡಿಯಲ್ಲಿ ಇನಾಮದಾರರು ಪರದೆಯ ಮೇಲೆ ಬಿಲ್ಲೆಯ ಸಂಕೇತ ತೋರುವ ಗೆರೆಯನ್ನು ಪೆನ್ನಿನ ತುದಿಯಿಂದ ತೋರಿಸಿದರು. ಗೆರೆ ನೆಲಕ್ಕೆ ಅಂಟಿಕೊಂಡಿತ್ತು. ಸೋಮವಾರ ಬೆಳಿಗ್ಗೆ ತೆಗೆದುಬಿಡೋಣ ಎಂದರು. ಜಾಹ್ನವಿ ಇನ್ನೊಂದು ತಿಂಗಳು ಕೇಳಿದಳು. ಕೊಡಬಹುದಿತ್ತು, ಆದರೆ ಅಂಚಿನಲ್ಲಿ ಸ್ವಲ್ಪ ಕೆಂಪು ಕಾಣಿಸಿದೆ ಎಂದರು. ವಿಷಯ ತಿಳಿಸುವ ಕೆಲಸ ಅವಳ ಪಾಲಿಗೆ ಬಂತು. ಅವಳು ಮಾತು ಜೋಡಿಸಿಕೊಳ್ಳುತ್ತಿರುವಾಗಲೇ ಭೀಮಾಬಾಯಿ ಕಣ್ಣಲ್ಲೇ ಅರ್ಥ ಮಾಡಿಕೊಂಡಿದ್ದರು.

“ತೆಗೀರಿ,” ಎಂದಿತು ಪೆಟ್ಟಿಗೆ, ಗಾಡಿ ಹೊರಡುವ ಹೊತ್ತನ್ನು ಸಾರುವ ಅದೇ ನಯದ ದನಿಯಲ್ಲಿ. “ಕಾದದ್ದು ಸಾಕು.”

ಆ ದಿನ ಮನೆಗೆ ಬಂದು ಜಾಹ್ನವಿ ಗೋಧಿ ಹಿಟ್ಟು ನಾದುತ್ತ ನಾದುತ್ತ ಅದನ್ನು ಕಲ್ಲಿನಂತೆ ಮಾಡಿಬಿಟ್ಟಳು. ಗಂಡ ಶ್ರೀಶೈಲ ಶಾಲೆಯಲ್ಲಿ ಚಿತ್ರಕಲೆ ಕಲಿಸುವವನು. ಹಿಟ್ಟನ್ನು ಬೆರಳಿನಿಂದ ಒತ್ತಿ ನೋಡಿ, ಇದರಿಂದ ಚಪಾತಿಗಿಂತ ಮೂರ್ತಿ ಚೆನ್ನಾಗಿ ಬರುತ್ತದೆ ಎಂದ. ಅವಳು ನಗಲಿಲ್ಲ. ಭೀಮಾಬಾಯಿ ಒಂದು ಮಾತೂ ಎದುರಾಡದೆ ಒಪ್ಪಿಕೊಂಡದ್ದು ಅವಳಿಗೆ ಸಮಾಧಾನ ತರುವ ಬದಲು ಎದೆಯಲ್ಲಿ ಮುಳ್ಳಾಗಿತ್ತು. ಬೇರೆ ಯಾರೇ ಆಗಿದ್ದರೂ ಒಂದಿಷ್ಟು ಜಗಳವಾಡುತ್ತಿದ್ದರು.

ಭಾನುವಾರ ಮಧ್ಯಾಹ್ನ ವಾಚನ ಬಳಗ ಸೇರಿತು. ಮಾಳಮಡ್ಡಿಯ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಹತ್ತು ಹನ್ನೆರಡು ಜನ ತಿಂಗಳಿಗೊಂದು ಪುಸ್ತಕ ಓದಿ ಮಾತಾಡುವ ಪದ್ಧತಿ. ಈ ತಿಂಗಳು ‘ಗದಗಕ್ಕೆ ಹೋಗುವ ಗಾಡಿ’. ಅಂದೇ ಸಂಜೆ ಕೇಂದ್ರದ ಆಸ್ಪತ್ರೆ ಸೇರಬೇಕಿದ್ದರೂ ಲೇಖಕಿ ಸ್ವತಃ ಬಂದಿದ್ದರು. ಈ ಪುಸ್ತಕಕ್ಕೆಂದೇ ಬಳಗದವರು ಒಂದು ನಿಯಮ ಮಾಡಿಕೊಂಡಿದ್ದರು. ತುಟಿ ಸೇರದ ಪದ್ಯ ಹೇಳುವ ಅವಧಾನಿಗಳು ಹಿಂದೆ ತುಟಿಗಳ ನಡುವೆ ಸೂಜಿ ನಿಲ್ಲಿಸಿಕೊಳ್ಳುತ್ತಿದ್ದರಂತೆ ಎಂದು ಯಾರೋ ಹೇಳಿದ್ದೇ ನೆಪ. ಇವರು ಬೇವಿನ ಕಡ್ಡಿ ಚೂರು ತಂದಿದ್ದರು. ಓದುವವರು ಅದನ್ನು ತುಟಿಗಳ ನಡುವೆ ನಿಲ್ಲಿಸಿಕೊಂಡು ಓದಬೇಕು. ಚರ್ಚೆಯ ಮೊದಲರ್ಧ ಯಾರೂ ಆ ಐದು ಅಕ್ಷರ ಆಡುವಂತಿಲ್ಲ. ಆಡಿದವರು ಎದ್ದು ಎಲ್ಲರಿಗೂ ಚಹಾ ಹಂಚಬೇಕು.

ಕೆಟಲು ಒಂದು ಗಳಿಗೆಯೂ ನೆಲಕ್ಕೆ ಕೂರಲಿಲ್ಲ. ಒಬ್ಬರು ‘ಮತ್ತ’ ಎಂದು ಎದ್ದರು, ಇನ್ನೊಬ್ಬರು ‘ಅಯ್ಯಪ್ಪಾ’ ಎಂದು ಎದ್ದರು. ವಕೀಲೆ ಕಮಲಾಕ್ಷಿ ಹಾದಿಮನಿಯ ಹೆಸರನ್ನು ಯಾರೂ ಹೇಳುವಂತಿರಲಿಲ್ಲವಾಗಿ ಅವಳು ಅಂದು ‘ಲಾಕ್ಷಿ’ ಆದಳು. ಭೀಮಾಬಾಯಿ ಎಲ್ಲರಿಗೂ ‘ಅಕ್ಕ’. ಕೋಣೆ ಎಲ್ಲಿದೆ ಎಂದು ಫೋನಿನಲ್ಲಿ ಕೇಳಿದ ಗಂಡನಿಗೆ ಒಬ್ಬಾಕೆ ಮಾಳಮಡ್ಡಿ ಎನ್ನಲಾಗದೆ, ರೈಲು ನಿಲ್ಲುವ ಜಾಗದ ಹತ್ತಿರ ಎಂದು ಹೇಳಿ ಅವನನ್ನು ನಿಲ್ದಾಣಕ್ಕೇ ಅಟ್ಟಿದಳು. ಇವರೆಲ್ಲ ಅರ್ಧ ಗಂಟೆಗೇ ಬೆವರುತ್ತಿರುವುದನ್ನು ನೋಡಿ ಜಾಹ್ನವಿಗೆ ಭೀಮಾಬಾಯಿಯವರ ಮೇಲಿನ ಗೌರವ ಇನ್ನೊಂದು ತೂಕ ಏರಿತು. ಆಟದವರಿಗೆ ಇಷ್ಟು ಕಷ್ಟವಾದದ್ದು ಅವರಿಗೆ ದಿನದ ಉಸಿರು.

ಲಾಕ್ಷಿ ವಕೀಲಿಕೆಯ ಧಾಟಿಯಲ್ಲೇ ಕೇಳಿದಳು: “ಅಕ್ಕಾ, ಆ ಹುಡುಗಿ ತಾಯಿನ್ನ ಹುಡುಕ್ಕೋತ ಹಳಿಯಾಳಕ್ಕ ಹೋದಾಗ ಯಾಕ ಒಂದ ಹನಿ ಕಣ್ಣೀರೂ ಹಾಕಲಿಲ್ಲ?”

“ಅತ್ತಳು,” ಎಂದಿತು ಪೆಟ್ಟಿಗೆ. “ನೀ ಓದೋ ಹೊತ್ತಿನಾಗ ಅಲ್ಲ, ಅಷ್ಟ.”

ಲಾಕ್ಷಿ ಪುಸ್ತಕದ ಆ ಪುಟವನ್ನು ಮತ್ತೆ ತೆರೆದು ನೋಡಿಕೊಂಡಳು.

ಗಣಿತ ಕಲಿಸಿ ನಿವೃತ್ತರಾದ ವಿರೂಪಾಕ್ಷಪ್ಪ ಅರಳಿ ಮಾಸ್ತರರು ಒಂದು ಸಲವೂ ಎದ್ದಿರಲಿಲ್ಲ. ಕಡ್ಡಿ ಕಚ್ಚಿಕೊಂಡವರಂತೆ ತುಟಿ ಬಿಚ್ಚಿಟ್ಟುಕೊಂಡೇ ಅವರು ನಿರರ್ಗಳವಾಗಿ ಮಾತಾಡುತ್ತಿದ್ದರು. “ಅಕ್ಕಾರ, ಒಂದ ಕೇಳತೀನಿ, ಸಿಟ್ಟ ಆಗಕೂಡದು. ಇಷ್ಟ ಕಟ್ಟಿಹಾಕಿದ ಕನ್ನಡದಾಗ ಕತಿ ಇಷ್ಟ ಸಲೀಸ ಹೆಂಗ ಓಡತದ?”

“ನೀವು ಹತ್ತು ನುಡಿ ಇಟ್ಟುಕೊಂಡು ಒಂದನ್ನ ಆರಿಸತೀರಿ. ನನಗ ಇರೋದು ಎರಡು.” ಪೆಟ್ಟಿಗೆ ಮತ್ತೂ ಹೇಳಿತು, “ಅವೂ ಜಗಳಾಡತಾವ.”

ಹೊತ್ತು ಮುಗಿಯಿತೆಂದು ಯಾರೋ ಚಪ್ಪಾಳೆ ತಟ್ಟಿದ್ದೇ ತಡ, ಮಕಾರ ಬಕಾರಗಳು ಕಟ್ಟೆ ಒಡೆದು ನುಗ್ಗಿದವು. ಆಗ ಕಮಲಾಕ್ಷಿ ಅರಳಿ ಮಾಸ್ತರರನ್ನು ಹಿಡಿದಳು. ಇಷ್ಟು ಹೊತ್ತು ಒಂದೂ ತಪ್ಪದಿದ್ದವರು ಈಗ ಬೆಲ್ಲ, ಬೇಳಿ, ಬೆಣ್ಣಿ, ಬದನಿಕಾಯಿ ಎಂದು ಒಂದೇ ಉಸಿರಿಗೆ ಹೇಳಲಿ ನೋಡೋಣ ಎಂದಳು. ಮಾಸ್ತರರು ನಗುತ್ತ ಶುರುಮಾಡಿದರು. ‘ಬೆಲ್ಲ’ ಬಂತು. ಮುಂದಿನದಕ್ಕೆ ತುಟಿ ಅರ್ಧ ದಾರಿಗೆ ಬಂದು ನಿಂತುಬಿಟ್ಟಿತು. ಮತ್ತೆ ಯತ್ನಿಸಿದರು, ಮತ್ತೆ ನಿಂತಿತು.

“ಯಾಕ್ರೀ ಮಾಸ್ತರ, ಕಡ್ಡಿ ಇನ್ನೂ ತೆಗದಿಲ್ಲೇನು?”

“ಅಕ್ಕಾರ ಕತಿ ನನ್ನ ಕೆಡಿಸಿ ಹಾಕೇದ,” ಎಂದರು ಅವರು, ತಮಗೇ ಆಶ್ಚರ್ಯವಾದವರಂತೆ. “ನೀವೆಲ್ಲಾ ತುಟೀ ತನಕಾ ಹೋಗಿ ಹೊಳ್ಳತೀರಿ, ಅದಕ್ಕ ಎಡವತೀರಿ. ನಾ ಆ ದಾರೀನ ಹಿಡಿಯಂಗಿಲ್ಲ. ನಾಕ ಸಲ ಓದೀನಿ ನೋಡ್ರಿ, ದಾರಿ ಐತಿ ಅನ್ನೋದ ತಲ್ಯಾಗಿಂದ ಹೋಗೇದ.”

ಎಲ್ಲರೂ ನಕ್ಕರು. ಅವರಿಗೆ ದಾರಿ ತೋರಿಸುವವರಂತೆ ಇಡೀ ಕೋಣೆ ಮಗ್ಗಿ ಹೇಳುವ ರಾಗದಲ್ಲಿ ಶುರುಮಾಡಿತು: ಬೆಲ್ಲ, ಬೇಳಿ, ಬೆಣ್ಣಿ, ಬದನಿಕಾಯಿ. ಭೀಮಾಬಾಯಿಯವರ ಕಣ್ಣುಗಳೂ ನಗುತ್ತಿದ್ದವು. ಸುಮ್ಮನೆ ಕೇಳುವಾಗ ಅವರು ಪೆಟ್ಟಿಗೆಯ ದನಿ ಆರಿಸಿಡುತ್ತಿದ್ದರು. ಆದರೆ ಅದರ ಮೂಲೆಯಲ್ಲಿ ಸಾಸಿವೆಯಷ್ಟು ಹಳದಿ ದೀಪವೊಂದಿತ್ತು. ಬಂದ ಸಂಕೇತವನ್ನು ಬರಿಯ ಗದ್ದಲವೆಂದು ಯಂತ್ರ ಎಸೆದಾಗಲೆಲ್ಲ ಅದು ಮಿಣುಕುತ್ತದೆ. ಕೆಮ್ಮಿದರೂ ಮಿಣುಕುತ್ತದೆ, ಎಂಜಲು ನುಂಗಿದರೂ ಮಿಣುಕುತ್ತದೆ. ಹಾಗಾಗಿ ಅದನ್ನು ಯಾರೂ ನೋಡುವುದಿಲ್ಲ. ಜಾಹ್ನವಿ ನೋಡಿದಳು, ಏಕೆಂದರೆ ಯಾವುದನ್ನೂ ನೋಡದೆ ಬಿಡುವುದು ಅವಳಿಂದ ಆಗುತ್ತಿರಲಿಲ್ಲ.

ಬೆಲ್ಲ ಎಂದಾಗ ಮಿಣುಕಿತು. ಬೇಳಿ ಎಂದಾಗ ಮಿಣುಕಿತು. ಬೆಣ್ಣಿಗೆ, ಬದನಿಕಾಯಿಗೆ. ಕೋಣೆ ಎರಡನೇ ಸುತ್ತು ಶುರುಮಾಡಿತು. ದೀಪ ತಾಳ ತಪ್ಪಲಿಲ್ಲ, ಅವರೂ ಒಳಗೊಳಗೇ ದನಿಗೂಡಿಸುತ್ತಿರುವಂತೆ.

ಅವಳ ನಗು ಮುಖದ ಮೇಲೆಯೇ ತಣ್ಣಗಾಯಿತು. ಯಂತ್ರ ಎಲ್ಲವನ್ನೂ ಕೇಳಿಸಿಕೊಂಡು ಮಾತಾಡುವುದಿಲ್ಲ, ಅರ್ಧ ಕೇಳಿ ಅರ್ಧ ಊಹಿಸುತ್ತದೆ. ಮೆದುಳಿನಿಂದ ಬರುವುದು ಸಂತೆಯ ಗಲಾಟೆಯಂಥದ್ದು. ಅದರಲ್ಲಿ ಈ ವ್ಯಕ್ತಿ ಯಾವ ಮಾತು ಆಡುವ ಸಂಭವ ಹೆಚ್ಚು ಎಂದು ತಿಳಿದಿದ್ದರೆ ಮಾತ್ರ ಹೆಕ್ಕಬಹುದು. ತುಟಿಬಿಲ್ಲೆ ಇಡುವಾಗ ಪೆಟ್ಟಿಗೆಗೆ ಹೊಸದಾಗಿ ಊಹೆ ಕಲಿಸಬೇಕಾಗಿತ್ತು. ಯಾವ ಬರಹ ಕೊಡೋಣ ಎಂದು ಕೇಳಿದಾಗ ಜಾಹ್ನವಿಯೇ ಹೇಳಿದ್ದಳು. ಪತ್ರಿಕೆಯ ಕನ್ನಡ ಏಕೆ, ಯಾರದೋ ಭಾಷಣ ಏಕೆ, ಅವರದೇ ಕಾದಂಬರಿ ಇದೆಯಲ್ಲ, ಅದಕ್ಕಿಂತ ಅವರ ಮಾತು ಎಲ್ಲಿ ಸಿಗುತ್ತದೆ? ಎಲ್ಲರೂ ಮೆಚ್ಚಿ ತಲೆದೂಗಿದ್ದರು. ಯಂತ್ರ ಆ ಪುಸ್ತಕವನ್ನು ಸಾವಿರಾರು ಸಲ ಓದಿತ್ತು, ಬೇರೆ ಏನನ್ನೂ ಓದಿರಲಿಲ್ಲ. ನಾಲ್ಕು ಸಲ ಓದಿದ ಮಾಸ್ತರರಿಗೆ ಎಪ್ಪತ್ತು ವರ್ಷದ ಅಭ್ಯಾಸವೇ ಮಂಕಾಗಿತ್ತು. ಈ ಹೆಂಗಸು ‘ಮ’ ಎನ್ನುವುದು ಸಾಧ್ಯವೇ ಇಲ್ಲ ಎಂದು ಯಂತ್ರ ಕಲಿತಿದ್ದರೆ, ಅವರು ‘ಮ’ ಎಂದಾಗಲೆಲ್ಲ ಅದನ್ನು ಕೆಮ್ಮೆಂದು ತಿಳಿದು ಎಸೆದಿರಬೇಕು. ಪರದೆಯ ಮೇಲೆ ಅವರೆಲ್ಲ ನೋಡುತ್ತಿದ್ದ ಗೆರೆ ಎಸೆದ ಮೇಲೆ ಉಳಿದದ್ದರ ಗೆರೆ.

ಅಥವಾ ಹಾಗಲ್ಲದೆಯೂ ಇರಬಹುದು. ದೀಪ ಕಾಕತಾಳೀಯವಾಗಿ ಮಿಣುಕಿರಬಹುದು. ನಗುವಿಗೆ ಗಂಟಲು ಕುಲುಕಿರಬಹುದು.

ಸಂಜೆ ಭೀಮಾಬಾಯಿ ಆಸ್ಪತ್ರೆ ಸೇರಿದರು. ಜಾಹ್ನವಿ ಮನೆಗೆ ಬಂದು ಮೆಂತ್ಯದ ಸೊಪ್ಪು ಬಿಡಿಸಲು ಕೂತು, ಎಲೆಯನ್ನು ಕಸಕ್ಕೂ ಕಡ್ಡಿಯನ್ನು ಬುಟ್ಟಿಗೂ ಹಾಕತೊಡಗಿದಳು. ಶ್ರೀಶೈಲ ಬುಟ್ಟಿಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ. ಆಗ ಎಲ್ಲ ಹೇಳಿದಳು. ಸುಳ್ಳು ಆಸೆ ಹುಟ್ಟಿಸಿದರೆ ಆ ಹೆಂಗಸು ಎರಡನೇ ಸಲ ಕಳೆದುಕೊಂಡಂತಾಗುತ್ತದೆ. ಹೇಳದೆ ಬಿಟ್ಟರೆ ಬೆಳಿಗ್ಗೆ ಬಿಲ್ಲೆ ಹೋಗುತ್ತದೆ. ಹೇಗೆ ಹೇಳಲಿ, ಯಾವ ಮಾತಿನಿಂದ ಶುರು ಮಾಡಲಿ ಎಂದು ಮೂರು ರೀತಿ ಜೋಡಿಸಿ ಅವನ ಮುಂದೆ ಇಟ್ಟಳು. ಅವನು ಮೂರನ್ನೂ ಕೇಳಿದ.

“ನೀ ಮೊದಲ ಹೋಗಿ ಹೇಳಿಬಿಡು ಮಾರಾಯ್ತಿ,” ಎಂದ. “ಶಬ್ದ ಆಮ್ಯಾಲ ಹುಡುಕು. ಸೊಪ್ಪ ನಾ ನೋಡ್ಕೋತೀನಿ, ಇಲ್ಲಂದ್ರ ಕಡ್ಡೀ ಪಲ್ಯ ತಿನ್ನಬೇಕಾದೀತು.”

ಹೊತ್ತು ಮುಳುಗುವ ಮೊದಲೇ ಅವಳು ವಾರ್ಡಿನಲ್ಲಿದ್ದಳು. ಭೀಮಾಬಾಯಿ ದಿಂಬಿಗೆ ಒರಗಿ ಕಿಟಕಿಯಾಚೆ ಕೆರೆ ನೋಡುತ್ತಿದ್ದರು. ಜಾಹ್ನವಿ ನಿಂತೇ, ಒಂದೇ ಉಸಿರಿಗೆ ಹೇಳಿದಳು. ಬಿಲ್ಲೆ ಸತ್ತಿಲ್ಲದಿರಬಹುದು, ಯಂತ್ರವೇ ನಿಮ್ಮ ಮಾತು ನುಂಗುತ್ತಿರಬಹುದು, ಪುಸ್ತಕ ಕೊಟ್ಟು ಅದನ್ನು ಹಾಗೆ ಕಲಿಸಿದವಳು ನಾನು, ಇದು ಖಾತ್ರಿಯಲ್ಲ.

ಭೀಮಾಬಾಯಿ ಕೆರೆಯಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದರು.

“ನನ್ನ ಕತಿ ಓದಿ ಯಂತ್ರಾನೂ ಸೋತಿತಾ?”

ಅದು ಸಿಟ್ಟೋ ಸಂತೋಷವೋ ಆ ನಯದ ದನಿಯಲ್ಲಿ ತಿಳಿಯುವಂತಿರಲಿಲ್ಲ. ಕಣ್ಣು ನೋಡಿದಳು. ಹೆಮ್ಮೆ ಇತ್ತು, ನೀರೂ ಇತ್ತು. ಆಮೇಲೆ ಭೀಮಾಬಾಯಿ ಕೈಯೆತ್ತಿ ಅವಳ ಮಣಿಕಟ್ಟು ಹಿಡಿದರು.

“ಜಾಹ್ನವೀ. ಆಸೆ ಹುಟ್ಟಿಸಿ ಓಡಿ ಹೋಗತೀ ಏನು?”

“ಇಲ್ಲ. ಇಲ್ಲೇ ಇರತೀನಿ,” ಎಂದಳು ಅವಳು. ತೂಗದೆ ಹೇಳಿದಳು.

ಯಂತ್ರದ ಊಹೆ ಆರಿಸಿ ಒಮ್ಮೆ ನೋಡೋಣ ಎಂದರೆ ಇನಾಮದಾರರು ಫೋನಿನಲ್ಲಿ ಮೊದಲು ಒಪ್ಪಲಿಲ್ಲ. ಊಹೆಯನ್ನು ಪೂರ್ತಿ ಆರಿಸಿದರೆ ಪೆಟ್ಟಿಗೆಗೆ ಕಿವಿ ಮಾತ್ರ ಉಳಿಯುತ್ತದೆ, ಬುದ್ಧಿ ಉಳಿಯುವುದಿಲ್ಲ; ಆ ಕರ್ಕಶ ಕೇಳಿ ರೋಗಿಗೆ ಆಘಾತವಾದರೆ ಯಾರು ಹೊಣೆ ಎಂದರು. ದೀಪದ ವಿಷಯವನ್ನು ಅವಳು ಮತ್ತೊಮ್ಮೆ ಹೇಳಿದಳು. ಆ ಕಡೆಯಿಂದ ನಿಟ್ಟುಸಿರು ಕೇಳಿಸಿತು. ಬೆಳಿಗ್ಗೆ ಇಂಜೆಕ್ಷನ್ ಕೊಡುವ ಮೊದಲು ಹತ್ತು ನಿಮಿಷ ಕೊಡುತ್ತೇನೆ, ಹನ್ನೊಂದನೆಯದು ಕೇಳಬೇಡಿ ಎಂದರು.

ಸೋಮವಾರ ಬೆಳಿಗ್ಗೆ ಕಿಟಕಿಯಲ್ಲಿ ಎಳೆಬಿಸಿಲಿತ್ತು. ಇನಾಮದಾರರು ಹಸಿರು ನಿಲುವಂಗಿ ತೊಟ್ಟೇ ಬಂದಿದ್ದರು. ನರ್ಸ್ ನಾಗರತ್ನ ತಟ್ಟೆಯಲ್ಲಿ ಸಿರಿಂಜು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಜಾಹ್ನವಿ ಪೆಟ್ಟಿಗೆಗೆ ತಂತಿ ಜೋಡಿಸಿ, ಕಾದಂಬರಿಯಿಂದ ಕಲಿತದ್ದನ್ನೆಲ್ಲ ಒಂದು ಗುಂಡಿಯಿಂದ ಆರಿಸಿದಳು. ಎಷ್ಟೋ ಓದುಗರು ಕಣ್ಣಿಗೊತ್ತಿಕೊಂಡ ಪುಸ್ತಕ ಅದು. ಯಂತ್ರದ ಮಟ್ಟಿಗೆ ಅದು ಹೋದದ್ದು ಅವಳಿಗೆ ಏಕೋ ಕಸಿವಿಸಿಯಾಯಿತು.

ಏನು ಹೇಳಬೇಕೆಂದು ಅವಳು ಹೇಳಿಕೊಡಲಿಲ್ಲ. ಆ ಕೇಂದ್ರದಲ್ಲಿ ಒಂದು ಪದ್ಧತಿಯಿತ್ತು. ಕತ್ತರಿ ಮುಟ್ಟುವ ಮೊದಲು ವೈದ್ಯರು ರೋಗಿಯನ್ನು ಒಮ್ಮೆ ಬಾಯಿಬಿಟ್ಟು ಕೇಳಬೇಕು, ಉತ್ತರವನ್ನು ಅವರ ದನಿಯಲ್ಲೇ ಕೇಳಿಸಿಕೊಳ್ಳಬೇಕು. ಇನಾಮದಾರರು ಹಾಸಿಗೆಯ ಪಕ್ಕ ಬಂದು ಕೇಳಿದರು.

“ಬಿಲ್ಲೆ ತೆಗೀಲ್ರೀ?”

ಪೆಟ್ಟಿಗೆಯೊಳಗಿಂದ ತಗಡು ಎಳೆದಂಥ ಸದ್ದು ಬಂತು. ನಿಲ್ದಾಣದ ದನಿಯ ನಯವೆಲ್ಲ ಉದುರಿಹೋಗಿತ್ತು.

“...ಯಾಡ.”

ಭೀಮಾಬಾಯಿ ಕಣ್ಣು ಮುಚ್ಚಿದರು. ಹಣೆಯ ನರ ಉಬ್ಬಿತು. ಮತ್ತೆ ತಗಡಿನ ಸದ್ದು, ಮತ್ತೆ ಅದೇ “...ಯಾಡ”. ಇನಾಮದಾರರು ಗಡಿಯಾರ ನೋಡಲಿಲ್ಲ, ಆದರೆ ನೋಡಬೇಕೆಂದುಕೊಂಡದ್ದು ಜಾಹ್ನವಿಗೆ ಕಾಣಿಸಿತು. ಇನ್ನೊಮ್ಮೆ ಹೇಳಿ ಎನ್ನಲು ಅವಳ ನಾಲಿಗೆ ತುದಿಗೆ ಬಂತು, ನುಂಗಿಕೊಂಡಳು. ಹೇಳುವವರ ಬದಲು ತಾನೇ ಊಹಿಸಿದ್ದು ಸಾಕಾಗಿತ್ತು. ಮಂಚದ ಸರಳನ್ನು ಹಿಡಿದು ಕಾದಳು.

ಒಂದು ಸಣ್ಣ ತಡೆ ಕೇಳಿಸಿತು. ಯಾರೋ ಬಾಗಿಲನ್ನು ಒಳಗಿನಿಂದ ಮುಚ್ಚಿ, ಮರುಗಳಿಗೆ ತೆರೆದಂತೆ.

“ಬ್ಯಾಡ.”

ಇಷ್ಟು ವರ್ಷ ಬೇಡದ್ದಕ್ಕೆಲ್ಲ ‘ಒಲ್ಲೆ’ ಎಂದೇ ಸಾಗಿಸಿದ್ದರು ಅವರು. ‘ಒಲ್ಲೆ’ ಎಂದರೆ ತನ್ನ ಮನಸ್ಸನ್ನು ಹೇಳಿಕೊಂಡಂತೆ, ಅಷ್ಟೆ. ಎದುರಿನವರ ಕೈ ಹಿಡಿದು ನಿಲ್ಲಿಸಿದಂತಲ್ಲ. ಭೀಮಾಬಾಯಿ ಕಣ್ಣು ತೆರೆದು ತಮ್ಮ ಪೆಟ್ಟಿಗೆಯನ್ನೇ ದುರುಗುಟ್ಟಿ ನೋಡಿದರು. ಅದು ಇನ್ನೊಬ್ಬರ ಬಾಯಿಂದ ಬಂದಿತೋ ಎಂಬಂತೆ ಪರೀಕ್ಷಿಸಲು ಮತ್ತೊಮ್ಮೆ ಹೇಳಿದರು. ಬಂತು. ಇನಾಮದಾರರು ತಲೆಯ ಮೇಲಿನ ಹಸಿರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅಂಚಿನ ಕೆಂಪಿಗೆ ಔಷಧಿ ಕೊಟ್ಟು ನೋಡೋಣ, ತೆಗೆಯುವ ಮಾತು ಸದ್ಯಕ್ಕಿಲ್ಲ ಎಂದು ನಾಗರತ್ನಳಿಗೆ ಹೇಳುವಾಗ ಅವರ ದನಿಯೂ ಅಷ್ಟು ನಯವಾಗಿರಲಿಲ್ಲ.

ಅಂದು ಬೆಳಗಿನ ಹೊತ್ತೆಲ್ಲ ನಾಗರತ್ನಳಿಗೆ ಸಾಕುಸಾಕಾಯಿತು. ಹೊದಿಕೆ ಬದಲಿಸಲೇ ಎಂದರೆ ಬ್ಯಾಡ. ಫ್ಯಾನು ಹಾಕಲೇ, ಬ್ಯಾಡ. ಮಾತ್ರೆ, ಬ್ಯಾಡ. ಚಹಾ ತಂದು, ಇದಾದರೂ ಬೇಕೋ ಎಂದಾಗ ತಗಡಿನ ದನಿ ಇನ್ನೂ ಜೋರಾಗಿ ಬ್ಯಾಡ ಎಂದಿತು, ಕೈ ಮಾತ್ರ ಕಪ್ಪಿಗೆ ಚಾಚಿತ್ತು. ಹೋದ ಜನ್ಮದ ಸೇಡು ತೀರಿಸಿಕೊಳ್ಳುತ್ತಿದ್ದಾರೆ ಇವರು ಎಂದು ನಾಗರತ್ನ ಬಾಗಿಲಾಚೆ ಹೋಗಿ ನಕ್ಕಳು.

ಮಧ್ಯಾಹ್ನ ಕಮಲಾಕ್ಷಿಯೂ ಅರಳಿ ಮಾಸ್ತರರೂ ಬಂದರು. ನಡೆದದ್ದನ್ನು ಜಾಹ್ನವಿ ಹೇಳುತ್ತಿದ್ದಂತೆ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಳ್ಳುವ ನೆಪದಲ್ಲಿ ಗೋಡೆಯ ಕಡೆ ತಿರುಗಿದರು. ನಿಮ್ಮ ಬಾಯಿ ಕಟ್ಟಿದ್ದರಿಂದಲೇ ಅವರ ಬಾಯಿ ಬಿಚ್ಚಿತು ಎಂದು ಕಮಲಾಕ್ಷಿ ಅವರ ಕಾಲೆಳೆದಳು. ಯಂತ್ರಕ್ಕೆ ಇನ್ನು ಮೊದಲಿಂದ ಕಲಿಸಬೇಕು, ನಯದ ದನಿ ಮರಳಲು ತಿಂಗಳುಗಳೇ ಬೇಕು, ಒಂದೊಂದೇ ಅಕ್ಷರ ಗಟ್ಟಿಯಾಗಬೇಕು ಎಂದು ಜಾಹ್ನವಿ ಎಚ್ಚರದಿಂದ ವಿವರಿಸಿದಳು. ಎಲ್ಲ ಬಂದೇ ಬರುತ್ತದೆ ಎಂದು ಹೇಳಲಿಲ್ಲ. ಬರುವುದಿಲ್ಲ ಎಂದೂ ಹೇಳಲಿಲ್ಲ.

ಮಾಸ್ತರರು ಕುರ್ಚಿಯನ್ನು ಹಾಸಿಗೆಯ ಹತ್ತಿರ ಎಳೆದುಕೊಂಡರು. ಅವರಿಗೊಂದು ಕಳವಳವಿತ್ತು, ಕೇಳಿಬಿಡಬೇಕೆಂದು ತೀರ್ಮಾನಿಸಿಯೇ ಬಂದವರ ಹಾಗೆ ಕೇಳಿದರು. “ಅಕ್ಕಾರ, ಹಂಗಾರ ಮುಂದಿನ ಕಾದಂಬರಿ ಎಲ್ಲಾ ಅಕ್ಷರ ಹಾಕಿ ಬರೀತೀರೇನು?”

ಜಾಹ್ನವಿ ತಂತಿ ಸುತ್ತುವುದನ್ನು ನಿಲ್ಲಿಸಿದಳು. ಭೀಮಾಬಾಯಿ ತಲೆಯೆತ್ತಿ ನೋಡಿದರು. ಆ ಮುಖದಲ್ಲಿ ಏನನ್ನೂ ಓದುವಂತಿರಲಿಲ್ಲ. ಕಣ್ಣು ಮಾತ್ರ, ತನ್ನ ಮನೆಯ ಬಾಗಿಲನ್ನು ತಾನೇ ಹಾಕಿಕೊಳ್ಳುವ ಯಜಮಾನಿಯ ಕಣ್ಣಿನಂತೆ, ನಿಶ್ಚಿಂತವಾಗಿತ್ತು.

ಆಮೇಲೆ ಪೆಟ್ಟಿಗೆ, ಮೊದಲ ಅಕ್ಷರವನ್ನು ಬೇಕೆಂದೇ ಒತ್ತಿ, ಹೇಳಿತು:

“ಬ್ಯಾಡ.”